ಆಣೆ ಮುರಿದ ವೀರರು: ಆರ್ಥರ್ ರಾಜನ ಕಥೆಯನ್ನು ಇವತ್ತಿಗೂ ಯಾಕೆ ಓದುತ್ತಾರೆ?

ಇಂಗ್ಲೆಂಡಿನ ವಿಂಚೆಸ್ಟರ್ ಊರಿನ ಹಳೆಯ ಕೋಟೆಯಲ್ಲಿ ಈಗ ಮುಖ್ಯವಾಗಿ ಉಳಿದಿರುವುದು ಅದರ ಸಭಾಂಗಣ. ಅಲ್ಲಿ ಗೋಡೆಯ ಮೇಲೆ ಓಕ್ ಮರದ ಒಂದು ದುಂಡನೆಯ ಮೇಜಿನ ಹಲಗೆಯನ್ನು ನೇತುಹಾಕಿದ್ದಾರೆ. ಅಡ್ಡಳತೆ ಸುಮಾರು 5.5 ಮೀಟರ್. ತೂಕ ಒಂದು ಟನ್ನಿಗಿಂತ ಜಾಸ್ತಿ. ಅಂಚಿನ ಸುತ್ತ 24 ನೈಟ್‌ಗಳ, ಅಂದರೆ ಕುದುರೆ ಏರಿ ಹೋರಾಡುವ ವೀರರ, ಹೆಸರು ಬರೆದಿದೆ, ಮೇಲ್ಗಡೆ ಕಿರೀಟ ತೊಟ್ಟ ಒಬ್ಬ ರಾಜ ಕೂತಿದ್ದಾನೆ. ಹಳೆಯ ಕಥೆಗಳ ಆರ್ಥರ್ ರಾಜ ತನ್ನ ನೈಟ್‌ಗಳ ಜೊತೆ ಕೂರುತ್ತಿದ್ದ ದುಂಡುಮೇಜು ಇದೇ ಅಂತ ಜನ ಬಹಳ ಕಾಲ ನಂಬಿದ್ದರು. 1970ರ ದಶಕದಲ್ಲಿ ಮರದ ವಯಸ್ಸನ್ನು ಪರೀಕ್ಷಿಸಿದಾಗ ಅದು 13ನೇ ಶತಮಾನದ್ದು ಎಂದು ಗೊತ್ತಾಯಿತು. ಆರ್ಥರ್ ಅನ್ನುವವನು ನಿಜಕ್ಕೂ ಇದ್ದಿದ್ದರೆ, ಅವನು ಅದಕ್ಕೂ ಏಳೆಂಟು ನೂರು ವರ್ಷ ಹಿಂದಿನವನು. ಮೇಲಿನ ಬಣ್ಣ ಇನ್ನೂ ಈಚಿನದು, ಎಂಟನೇ ಹೆನ್ರಿಯ ಕಾಲದ್ದು. 1522ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಬಂದಾಗ ಹೆನ್ರಿ ಅವನಿಗೆ ಈ ಮೇಜನ್ನು ತೋರಿಸಿದ. ಚಿತ್ರದಲ್ಲಿರುವ ಆರ್ಥರನ ಮುಖಕ್ಕೂ ಯುವಕ ಹೆನ್ರಿಯ ಮುಖಕ್ಕೂ ಹೋಲಿಕೆ ಇದೆ.

ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿ ಭಾರತ ಬರೆದದ್ದು ಗೊತ್ತಿರುವ ನಮಗೆ ಇದೇನೂ ಅಚ್ಚರಿಯಲ್ಲ. ಆಳುವವರಿಗೆ ಹಳೆಯ ವೀರರ ಮುಖ ಬೇಕಾಗುತ್ತದೆ. ಆದರೆ ಓದುಗರಿಗೆ? ರಾಜರು ಹೋದರು, ಕುದುರೆ ಏರಿ ಈಟಿ ಹಿಡಿಯುವ ಯುದ್ಧ ಹೋಯಿತು, ಆ ಕಥೆಗಳನ್ನು ಹುಟ್ಟಿಸಿದ ಸಮಾಜವೂ ಹೋಯಿತು. ಆದರೂ ಪ್ರತಿ ತಲೆಮಾರಿನಲ್ಲೂ ಯಾರೋ ಆರ್ಥರನ ಕಥೆಯನ್ನು ಮತ್ತೆ ಬರೆಯುತ್ತಾರೆ. ಜಪಾನಿನ ಆನಿಮೆಯಲ್ಲಿ, ಅಂದರೆ ಕಾರ್ಟೂನ್ ಚಿತ್ರಗಳಲ್ಲಿ, ಅವನನ್ನು ಮೊದಲ ಸಲ ನೋಡಿದ ಹುಡುಗರು ಮೂಲ ಹುಡುಕಿಕೊಂಡು 15ನೇ ಶತಮಾನದ ಪುಸ್ತಕಕ್ಕೆ ಬರುತ್ತಾರೆ.

ಇದನ್ನು ಸುಮ್ನೆ ಹಳೆಯ ಕಾಲದ ಮೋಹ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಈ ಕಥೆಯ ಒಳಗೇ ಒಂದು ಕಾರಣ ಇದೆ. ಒಳ್ಳೆಯವರಾಗಿ ಬದುಕುತ್ತೇವೆ ಎಂದು ಆಣೆ ಮಾಡಿದವರು, ಆ ಆಣೆಯನ್ನು ಉಳಿಸಿಕೊಳ್ಳಲಾರದೆ ಹೋದದ್ದನ್ನು ಇದು ಹೇಳುತ್ತದೆ. ಅದನ್ನು ಮುಚ್ಚಿಡದೆ ಹೇಳುತ್ತದೆ. ಓದುಗರನ್ನು ಹಿಡಿದಿಟ್ಟಿರುವುದು ಇದೇ ಅಂತ ನನ್ನ ನಂಬಿಕೆ.

ಮೊದಲು ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಬ್ರಿಟನ್ನಿನ ರಾಜ ಊಥರ್‌ನ ಮಗ ಆರ್ಥರ್. ಮರ್ಲಿನ್ ಎಂಬ ಮಾಂತ್ರಿಕನ ಏರ್ಪಾಟಿನಂತೆ ಗುಟ್ಟಾಗಿ ಬೇರೆ ಮನೆಯಲ್ಲಿ ಬೆಳೆಯುತ್ತಾನೆ. ಕಲ್ಲಿನಲ್ಲಿ ನೆಟ್ಟ ಕತ್ತಿಯನ್ನು ಬೇರೆ ಯಾರಿಂದಲೂ ಕೀಳಲಾಗದಾಗ ಈ ಹುಡುಗ ಕೀಳುತ್ತಾನೆ, ರಾಜನಾಗುತ್ತಾನೆ. ಗ್ವಿನವಿಯರ್‌ಳನ್ನು ಮದುವೆಯಾಗುತ್ತಾನೆ. ಮದುವೆಯ ಜೊತೆಗೆ ಅವಳ ತಂದೆಯಿಂದ ದುಂಡುಮೇಜು ಬರುತ್ತದೆ. ಅದರ ಸುತ್ತ ಒಳ್ಳೊಳ್ಳೆಯ ನೈಟ್‌ಗಳು ಸೇರುತ್ತಾರೆ. ಅವರಲ್ಲಿ ಎಲ್ಲರಿಗಿಂತ ದೊಡ್ಡವನು ಲಾನ್ಸ್‌ಲಾಟ್. ಅವನಿಗೂ ರಾಣಿಗೂ ಪ್ರೀತಿ ಹುಟ್ಟುತ್ತದೆ. ಹೋಲಿ ಗ್ರೇಲ್ ಎಂಬ ಪವಿತ್ರ ಪಾತ್ರೆಯನ್ನು ಹುಡುಕಿಕೊಂಡು ಎಲ್ಲರೂ ಚದುರಿಹೋಗುತ್ತಾರೆ. ಹಿಂದಿರುಗುವಾಗ ಹಲವರು ಇಲ್ಲ. ಕೊನೆಗೆ ರಾಣಿಯ ಪ್ರೀತಿ ಬಯಲಾಗುತ್ತದೆ, ನೈಟ್‌ಗಳು ಎರಡು ಪಾಳೆಯ ಆಗುತ್ತಾರೆ. ಆರ್ಥರನ ಮಗ ಮಾರ್ಡ್ರೆಡ್ ಸಿಂಹಾಸನ ಕಸಿಯುತ್ತಾನೆ. ತಂದೆ ಮಗ ಯುದ್ಧದಲ್ಲಿ ಒಬ್ಬರನ್ನೊಬ್ಬರು ಇರಿಯುತ್ತಾರೆ.

ಇಷ್ಟನ್ನೂ ಒಬ್ಬರೇ ಕೂತು ಬರೆದದ್ದಲ್ಲ. ಒಂದೊಂದು ಭಾಗ ಒಂದೊಂದು ಕಾಲದಲ್ಲಿ ಸೇರಿಕೊಂಡಿದೆ. 6ನೇ ಶತಮಾನದಲ್ಲಿ ಗಿಲ್ಡಾಸ್ ಎಂಬ ಪಾದ್ರಿ ಬ್ರಿಟನ್ನಿನ ಯುದ್ಧಗಳ ಬಗ್ಗೆ ಬರೆದ. ಅದರಲ್ಲಿ ಆರ್ಥರನ ಹೆಸರೇ ಇಲ್ಲ. ಸುಮಾರು 830ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ ಒಂದು ಲ್ಯಾಟಿನ್ ಇತಿಹಾಸದಲ್ಲಿ ಅವನು 12 ಯುದ್ಧ ಗೆದ್ದ ದಂಡನಾಯಕ, ರಾಜನಲ್ಲ. ಕೊನೆಯ ಯುದ್ಧದಲ್ಲಿ ಒಬ್ಬನೇ 960 ಜನರನ್ನು ಕೊಂದ ಎಂದು ಅಲ್ಲಿ ಬರೆದಿದೆ. ಅಂದರೆ ಕಥೆ ಆಗಲೇ ಇತಿಹಾಸವನ್ನು ಬಿಟ್ಟು ಹೊರಟಿತ್ತು. 1136ರ ಆಸುಪಾಸಿನಲ್ಲಿ ಮಾನ್ಮತ್‌ನ ಜೆಫ್ರಿ ಅವನನ್ನು ಯುರೋಪನ್ನೇ ನಡುಗಿಸುವ ದೊಡ್ಡ ರಾಜನನ್ನಾಗಿ ಮಾಡಿದ. ಆ ಪುಸ್ತಕದ 200ಕ್ಕೂ ಹೆಚ್ಚು ಹಸ್ತಪ್ರತಿಗಳು ಇವತ್ತಿಗೂ ಇವೆ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ದುಂಡುಮೇಜು ಬಂದದ್ದು 1155ರಲ್ಲಿ, ವಾಸ್ ಎಂಬ ಕವಿಯ ಫ್ರೆಂಚ್ ಕಾವ್ಯದಲ್ಲಿ. ಯಾರು ಮೇಲೆ, ಯಾರು ಕೆಳಗೆ ಎಂಬ ಜಗಳ ಬೇಡ ಎಂದು ಅಲ್ಲಿ ಮೇಜು ದುಂಡಗಾಯಿತು. ಲಾನ್ಸ್‌ಲಾಟ್ ಮತ್ತು ರಾಣಿಯ ಪ್ರೀತಿ, ಕ್ಯಾಮ್‌ಲಾಟ್ ಎಂಬ ಊರಿನ ಹೆಸರು, ಗ್ರೇಲ್ ಪಾತ್ರೆ, ಈ ಮೂರೂ ಅದೇ ಶತಮಾನದ ಕೊನೆಯ ಭಾಗದಲ್ಲಿ ಕ್ರೆತಿಯಾನ್ ದ ತ್ರ್ವಾ ಎಂಬ ಫ್ರೆಂಚ್ ಕವಿಯಿಂದ ಬಂದವು. ಗ್ರೇಲ್ ಕಥೆಯನ್ನು ಅವನು ಮುಗಿಸಲೇ ಇಲ್ಲ. ಹಾಗಾಗಿ ಮುಂದೆ ಹಲವು ಜನ ಅದನ್ನು ತಮಗೆ ತೋಚಿದಂತೆ ಮುಗಿಸಿದರು. ಕಲ್ಲಿನ ಕತ್ತಿ 1200ರ ಸುಮಾರಿಗೆ ಬಂತು. ನಾವು ಇವತ್ತು ತುಂಬಾ ಇಂಗ್ಲಿಷ್ ಅಂದುಕೊಳ್ಳುವ ಈ ಕಥೆ ವೇಲ್ಸ್‌ನಲ್ಲಿ ಹುಟ್ಟಿ ಫ್ರೆಂಚ್‌ನಲ್ಲಿ ಬೆಳೆದದ್ದು.

ಇನ್ನೊಂದು ವಿಷಯ ಗಮನಿಸಬೇಕು. 12ನೇ ಶತಮಾನದ ಓದುಗರಿಗೂ ಇದು ಹಳೆಯ ಕಾಲದ ಕಥೆಯೇ ಆಗಿತ್ತು. "ಆಗಿನ ಕಾಲದಲ್ಲಿ ವೀರರು ಎಂಥವರಿದ್ದರು, ಈಗ ಎಲ್ಲಿ" ಎಂದು ಕ್ರೆತಿಯಾನ್ ಕೂಡ ಹಲುಬುತ್ತಾನೆ. ನೈಟ್‌ಗಳ ಕಾಲದಲ್ಲೇ ಜನ ನೈಟ್‌ಗಳನ್ನು ಹಿಂದಿನ ಕಾಲದಲ್ಲಿ ಹುಡುಕುತ್ತಿದ್ದರು!

ಹಾಗಾದರೆ ಎದುರಿಗಿದ್ದ ನೈಟ್‌ಗಳು ಹೇಗಿದ್ದರು? ಒಬ್ಬನ ಬಗ್ಗೆ ನಮಗೆ ಚೆನ್ನಾಗಿ ಗೊತ್ತು. ಅವನ ಹೆಸರು ವಿಲಿಯಂ ಮಾರ್ಷಲ್. 1219ರಲ್ಲಿ ತೀರಿಕೊಂಡ. ಅವನ ಜೀವನವನ್ನು ಸುಮಾರು 19,000 ಸಾಲುಗಳ ಫ್ರೆಂಚ್ ಪದ್ಯದಲ್ಲಿ ಬರೆಸಿಟ್ಟಿದ್ದಾರೆ. ಚಿಕ್ಕ ಹುಡುಗನಾಗಿದ್ದಾಗ ಅವನ ತಂದೆ ಅವನನ್ನು ಶತ್ರು ರಾಜನಿಗೆ ಒತ್ತೆಯಾಗಿ ಕೊಟ್ಟಿದ್ದ. ತಂದೆ ಮಾತಿಗೆ ತಪ್ಪಿದಾಗ ಹುಡುಗನನ್ನು ನೇಣಿಗೆ ಹಾಕುತ್ತೇವೆ ಎಂದರು. "ಇವನಿಗಿಂತ ಒಳ್ಳೆಯ ಮಕ್ಕಳನ್ನು ಮಾಡಲು ನನ್ನಲ್ಲಿ ಸುತ್ತಿಗೆ, ಅಡಿಗಲ್ಲು ಇನ್ನೂ ಇವೆ" ಎಂದು ತಂದೆ ಉತ್ತರ ಕಳಿಸಿದನಂತೆ. ರಾಜನಿಗೆ ಕನಿಕರ ಬಂದು ಹುಡುಗ ಬದುಕಿದ. ದೊಡ್ಡವನಾದ ಮೇಲೆ ಅವನು ಹಣ ಮಾಡಿದ್ದು ಟೂರ್ನಮೆಂಟ್‌ಗಳಲ್ಲಿ. ಇವು ಸಿನಿಮಾದಲ್ಲಿ ಕಾಣುವ ಅಚ್ಚುಕಟ್ಟಾದ ಪಂದ್ಯಗಳಲ್ಲ. ಮೈಲಿಗಟ್ಟಲೆ ಬಯಲಿನಲ್ಲಿ ಎರಡು ಗುಂಪುಗಳು ನುಗ್ಗಿ ಹೊಡೆದಾಡುತ್ತಿದ್ದವು. ಸೋತವನನ್ನು ಹಿಡಿದು, ಕುದುರೆ ಕವಚ ಕಿತ್ತುಕೊಂಡು, ಬಿಡುಗಡೆಗೆ ಹಣ ಕೇಳುತ್ತಿದ್ದರು. ಜನ ಸಾಯುತ್ತಿದ್ದರು. ಚರ್ಚ್ 1130ರಲ್ಲಿ ಇದನ್ನು ನಿಷೇಧಿಸಿತು. ಯಾರೂ ಕೇಳಲಿಲ್ಲ. 1316ರಲ್ಲಿ ಪೋಪ್ ನಿಷೇಧವನ್ನೇ ತೆಗೆದುಹಾಕಬೇಕಾಯಿತು.

ಸಾಯುವ ಹಾಸಿಗೆಯಲ್ಲಿ ವಿಲಿಯಂನಿಗೆ, ಗೆದ್ದದ್ದನ್ನೆಲ್ಲ ಹಿಂದಿರುಗಿಸದೆ ಹೋದರೆ ಮುಕ್ತಿ ಇಲ್ಲ ಎಂಬ ಮಾತು ಎದುರಾಯಿತು. ತಾನು 500 ನೈಟ್‌ಗಳನ್ನು ಸೆರೆಹಿಡಿದವನು, ಅದನ್ನೆಲ್ಲ ಹಿಂದಿರುಗಿಸುವುದು ಆಗದ ಮಾತು, ಪಾದ್ರಿಗಳು ನಮ್ಮ ಮೇಲೆ ತೀರಾ ಗಟ್ಟಿ ಅಂತ ಅವನು ಅಂದ. ಅವನ ಕಾಲದವರ ಕಣ್ಣಿನಲ್ಲಿ ಇವನೇ ಅತ್ಯುತ್ತಮ ನೈಟ್. ಮಾತಿಗೆ ನಿಂತವನು, ಐದು ರಾಜರ ಕಾಲ ನೋಡಿದವನು. ಇಂಥವರನ್ನು ಪಳಗಿಸಬೇಕು ಎಂಬ ಆಸೆಯಿಂದಲೇ ಶಿವಲ್ರಿ ಎಂಬ ವೀರಧರ್ಮದ ಪುಸ್ತಕಗಳು ಹುಟ್ಟಿದವು. ಬಡವರನ್ನು ಕಾಪಾಡು, ಶರಣು ಬಂದವನನ್ನು ಬಿಡು, ಹೆಂಗಸರ ಮೇಲೆ ಕೈಮಾಡಬೇಡ ಅಂತ ಅವು ಮತ್ತೆ ಮತ್ತೆ ಹೇಳುತ್ತವೆ. ಇದನ್ನೆಲ್ಲ ಅಷ್ಟು ಸಲ ಹೇಳಬೇಕಾಗಿತ್ತು ಅಂದರೆ ನಡೆಯುತ್ತಿದ್ದದ್ದು ಏನು ಎಂದು ಊಹಿಸಬಹುದು, ಅಲ್ವಾ?

ಈಗ ಮುಖ್ಯವಾದ ಪುಸ್ತಕಕ್ಕೆ ಬರೋಣ. ಇವತ್ತು ಇಂಗ್ಲಿಷ್‌ನಲ್ಲಿ ಆರ್ಥರನ ಬಗ್ಗೆ ಏನೇ ಬರೆದರೂ ಅದರ ಬೇರು ಹೆಚ್ಚಾಗಿ ಸರ್ ಥಾಮಸ್ ಮ್ಯಾಲರಿಯಲ್ಲಿದೆ. ಅವನು ಹಳೆಯ ಫ್ರೆಂಚ್ ಮತ್ತು ಇಂಗ್ಲಿಷ್ ಕಥೆಗಳನ್ನು ಸೇರಿಸಿ, ಕತ್ತರಿಸಿ, ಸರಳ ಗದ್ಯದಲ್ಲಿ ಹೇಳಿದ. 1469 ಅಥವಾ 1470ರಲ್ಲಿ ಮುಗಿಸಿದ. 1485ರ ಜುಲೈ 31ರಂದು ವಿಲಿಯಂ ಕ್ಯಾಕ್ಸ್ಟನ್ ಅದನ್ನು ಅಚ್ಚು ಹಾಕಿದ.

ಮ್ಯಾಲರಿ ಯಾರು? ಹೆಚ್ಚಿನ ವಿದ್ವಾಂಸರು ಒಪ್ಪುವ ಪ್ರಕಾರ ವಾರಿಕ್‌ಷೈರ್‌ನ ನ್ಯೂಬೋಲ್ಡ್ ರೆವೆಲ್‌ನ ಜಮೀನ್ದಾರ. ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದವನು. 1450ರ ನಂತರ ಅವನ ಮೇಲೆ ಸಾಲುಸಾಲು ಆರೋಪಗಳು ಬಂದವು. ಬಕಿಂಗ್‌ಹ್ಯಾಮ್‌ನ ಡ್ಯೂಕನನ್ನು ಕೊಲ್ಲಲು ಹೊಂಚು ಹಾಕಿದ್ದು, ಮಠಕ್ಕೆ ನುಗ್ಗಿ ದೋಚಿದ್ದು, ದನ ಕದ್ದದ್ದು, ಬೆದರಿಸಿ ಹಣ ಕಿತ್ತದ್ದು, ಒಬ್ಬ ಹೆಂಗಸಿನ ಮೇಲೆ ಅತ್ಯಾಚಾರ. ಒಮ್ಮೆ ಸೆರೆಯಿಂದ ತಪ್ಪಿಸಿಕೊಂಡು ಕಂದಕ ಈಜಿ ಓಡಿದ. ವಿಚಾರಣೆ ಪೂರ್ತಿಯಾಗಿ ತೀರ್ಪು ಬರಲೇ ಇಲ್ಲ. ಅದು ಇಂಗ್ಲೆಂಡಿನ ಎರಡು ರಾಜಮನೆತನಗಳು ಸಿಂಹಾಸನಕ್ಕಾಗಿ ಹೊಡೆದಾಡುತ್ತಿದ್ದ ಕಾಲ. ಆರೋಪಗಳಲ್ಲಿ ಎಷ್ಟು ನಿಜ, ಎಷ್ಟು ರಾಜಕೀಯ ಎಂದು ವಾದ ಇದ್ದೇ ಇದೆ. ಆದರೆ ಬದುಕಿನ ಬಹಳ ವರ್ಷಗಳನ್ನು ಅವನು ಸೆರೆಯಲ್ಲಿ ಕಳೆದದ್ದು ನಿಜ. ಪುಸ್ತಕದ ಕೊನೆಯಲ್ಲಿ ಓದುಗರನ್ನು ಕೇಳಿಕೊಳ್ಳುತ್ತಾನೆ: ನಾನು ಬದುಕಿರುವಾಗ ದೇವರು ನನಗೆ ಬಿಡುಗಡೆ ಕೊಡಲಿ ಎಂದು ಪ್ರಾರ್ಥಿಸಿ, ಸತ್ತ ಮೇಲೆ ನನ್ನ ಆತ್ಮಕ್ಕಾಗಿ ಪ್ರಾರ್ಥಿಸಿ. 1471ರಲ್ಲಿ ಅವನು ಸತ್ತ.

ಈ ಪುಸ್ತಕದ ಬಗ್ಗೆ 450 ವರ್ಷ ಜನರಿಗೆ ಗೊತ್ತಿದ್ದದ್ದು ಕ್ಯಾಕ್ಸ್ಟನ್ ಅಚ್ಚು ಹಾಕಿದ ರೂಪ ಮಾತ್ರ. 1934ರಲ್ಲಿ ವಿಂಚೆಸ್ಟರ್ ಕಾಲೇಜು ಎಂಬ ಶಾಲೆಯ ಮೇಷ್ಟರಾಗಿದ್ದ ವಾಲ್ಟರ್ ಓಕ್‌ಶಾಟ್ ಹಳೆಯ ಪುಸ್ತಕಗಳ ರಟ್ಟು ಮತ್ತು ಹೊಲಿಗೆಯನ್ನು ಪರಿಶೀಲಿಸುತ್ತಿದ್ದರು. ಆಗ ತಿಜೋರಿಯಲ್ಲಿದ್ದ ಒಂದು ಹಸ್ತಪ್ರತಿ ಕೈಗೆ ಬಂತು. ಅದು ಮ್ಯಾಲರಿಯ ಕಥೆ! ಕ್ಯಾಕ್ಸ್ಟನ್ ತೆಗೆದುಹಾಕಿದ್ದ ಮಾತುಗಳೂ ಅದರಲ್ಲಿದ್ದವು. ಇದನ್ನು ಬರೆದವನು ಸೆರೆಯಲ್ಲಿರುವ ಒಬ್ಬ ನೈಟ್ ಎಂಬ ಸಾಲು ಅಲ್ಲೇ ಸಿಕ್ಕಿದ್ದು. ಮುಂದೆ ಆ ಹಸ್ತಪ್ರತಿಯ ಹಾಳೆಗಳಲ್ಲಿ ಕ್ಯಾಕ್ಸ್ಟನ್‌ನ ಅಚ್ಚಿನ ಮೊಳೆಗಳ ಮಸಿಯ ಗುರುತೂ ಕಾಣಿಸಿತು. ಅಂದರೆ ಆ ಪ್ರತಿ ಒಂದು ಕಾಲಕ್ಕೆ ಅವನ ಮುದ್ರಣಾಲಯದಲ್ಲೇ ಇತ್ತು. ಇದನ್ನು ಆಧರಿಸಿ 1947ರಲ್ಲಿ ಹೊಸ ಆವೃತ್ತಿ ಬಂತು. ಇವತ್ತಿನ ಓದುಗರಲ್ಲಿ ಈ ಕಥೆಯ ಬಗ್ಗೆ ಮತ್ತೆ ಆಸಕ್ತಿ ಹುಟ್ಟಲು ಈ ಶೋಧವೂ ಒಂದು ಕಾರಣ.

ಅನ್ಯಾಯ ಮಾಡಿದ ಆರೋಪ ಹೊತ್ತವನು ನ್ಯಾಯದ ಕಥೆ ಬರೆದ. ಇದನ್ನು ತಿಳಿದು ಓದಿದಾಗ ಮ್ಯಾಲರಿಯ ಒಂದು ಪ್ರಸಂಗ ಬೇರೆಯೇ ಆಗಿ ಕಾಣುತ್ತದೆ. ದುಂಡುಮೇಜಿನ ನೈಟ್‌ಗಳು ವರ್ಷಕ್ಕೊಮ್ಮೆ, ಪೆಂಟೆಕಾಸ್ಟ್ ಎಂಬ ಕ್ರೈಸ್ತರ ಹಬ್ಬದ ದಿನ, ಒಂದು ಆಣೆ ಮಾಡುತ್ತಾರೆ. ದೌರ್ಜನ್ಯ ಮಾಡುವುದಿಲ್ಲ, ಕೊಲೆ ಮಾಡುವುದಿಲ್ಲ. ದ್ರೋಹ ಬಗೆಯುವುದಿಲ್ಲ. ಕರುಣೆ ಬೇಡಿದವನಿಗೆ ಕರುಣೆ ತೋರಿಸುತ್ತೇವೆ. ಹೆಂಗಸರಿಗೆ ನೆರವಾಗುತ್ತೇವೆ, ಅವರ ಮೇಲೆ ಬಲಾತ್ಕಾರ ಮಾಡುವುದಿಲ್ಲ. ಹಣದ ಆಸೆಗೆ ಅನ್ಯಾಯದ ಪಕ್ಷ ಹಿಡಿದು ಹೋರಾಡುವುದಿಲ್ಲ. ಈ ರೂಪದ ಆಣೆ ಮ್ಯಾಲರಿ ಬಳಸಿಕೊಂಡ ಫ್ರೆಂಚ್ ಕಥೆಗಳಲ್ಲಿ ಇಲ್ಲ. ಅವನೇ ಸೇರಿಸಿದ್ದು.

ಎಲ್ಲಿ ಸೇರಿಸಿದ ಎನ್ನುವುದು ಇನ್ನೂ ಮುಖ್ಯ. ಆರ್ಥರನ ಮದುವೆಯ ದಿನ ಮೂವರು ನೈಟ್‌ಗಳು ಸಾಹಸಕ್ಕೆ ಹೊರಡುತ್ತಾರೆ. ಅವರಲ್ಲಿ ಗವೇನ್, ಸೋತು ಪ್ರಾಣಭಿಕ್ಷೆ ಬೇಡುವ ನೈಟ್ ಒಬ್ಬನನ್ನು ಕೊಲ್ಲಲು ಕತ್ತಿ ಎತ್ತುತ್ತಾನೆ. ಆ ಸೋತವನ ಪ್ರಿಯತಮೆ ಅಡ್ಡ ಬೀಳುತ್ತಾಳೆ. ಕತ್ತಿ ಅವಳ ತಲೆ ಕತ್ತರಿಸುತ್ತದೆ. ಪೆಲಿನೋರ್ ಎಂಬ ಇನ್ನೊಬ್ಬ, ದಾರಿಯಲ್ಲಿ ಗಾಯಗೊಂಡ ಗಂಡಸಿನ ಪಕ್ಕ ಕೂತು ನೆರವು ಕೇಳುವ ಹುಡುಗಿಯನ್ನು ಅವಸರದಲ್ಲಿ ದಾಟಿ ಹೋಗುತ್ತಾನೆ. ಹಿಂದಿರುಗುವಾಗ ಅವಳು ಸತ್ತಿದ್ದಾಳೆ. ಅವಳು ತನ್ನ ಮಗಳೇ ಎಂದು ಆಮೇಲೆ ತಿಳಿಯುತ್ತದೆ. ಇವರೆಲ್ಲ ವಾಪಸ್ ಬಂದು, ನಡೆದದ್ದನ್ನು ಸಭೆಯಲ್ಲಿ ಒಪ್ಪಿಕೊಂಡ ಮೇಲೆ ಆಣೆ ಬರುತ್ತದೆ. ಕರುಣೆಯ ನಿಯಮ ಗವೇನ್‌ನ ತಪ್ಪಿನಿಂದ ಹುಟ್ಟಿತು. ನೆರವಿನ ನಿಯಮ ಪೆಲಿನೋರ್‌ನ ತಪ್ಪಿನಿಂದ. ಅದಕ್ಕೂ ಮೊದಲು ಆರ್ಥರ್ ಸ್ವತಃ, ಮೇ ಮೊದಲ ದಿನ ಹುಟ್ಟಿದ ಮಗುವಿನಿಂದ ತನಗೆ ಕೇಡು ಎಂಬ ಭವಿಷ್ಯ ಕೇಳಿ, ಆ ದಿನ ಹುಟ್ಟಿದ ಶಿಶುಗಳನ್ನೆಲ್ಲ ಹಡಗಿಗೆ ಹಾಕಿ ಕಡಲಿಗೆ ಬಿಡಿಸಿರುತ್ತಾನೆ. ಕಂಸನ ನೆನಪಾಗುವುದು ಸಹಜ. ಇಲ್ಲಿ ಹಾಗೆ ಮಾಡುವವನು ಕಥಾನಾಯಕ.

ಆಣೆ ಮುರಿಯುವ ಬಗೆಯೂ ಅಷ್ಟೇ ಎಚ್ಚರದಿಂದ ಬರೆದದ್ದು. ಪ್ರೀತಿ ಬಯಲಾದ ಮೇಲೆ ರಾಣಿಯನ್ನು ಸುಡಲು ಕಂಬಕ್ಕೆ ಒಯ್ಯುತ್ತಿರುವಾಗ ಲಾನ್ಸ್‌ಲಾಟ್ ನುಗ್ಗಿ ಬಿಡಿಸುತ್ತಾನೆ. ಹೆಂಗಸನ್ನು ಕಾಪಾಡಬೇಕು ಎಂಬ ಆಣೆಯನ್ನು ಪಾಲಿಸುತ್ತಿದ್ದಾನೆ. ಆ ಗದ್ದಲದಲ್ಲಿ ಗುರುತು ಸಿಗದೆ ಗ್ಯಾರೆತ್ ಎಂಬ ಯುವ ನೈಟ್‌ನನ್ನು ಕೊಂದುಬಿಡುತ್ತಾನೆ. ಗ್ಯಾರೆತ್ ನಿರಾಯುಧ. ಅವನನ್ನು ನೈಟ್ ಮಾಡಿದವನೂ ಲಾನ್ಸ್‌ಲಾಟ್‌ನೇ. ಹುಡುಗನಿಗೆ ಅವನೆಂದರೆ ಪ್ರಾಣ. ಗ್ಯಾರೆತ್‌ನ ಅಣ್ಣ ಗವೇನ್ ಇದನ್ನು ಕ್ಷಮಿಸುವುದಿಲ್ಲ. ಲಾನ್ಸ್‌ಲಾಟ್ ಎಷ್ಟು ಬೇಡಿಕೊಂಡರೂ ಕೇಳದೆ ರಾಜನನ್ನು ಯುದ್ಧಕ್ಕೆ ಎಳೆಯುತ್ತಾನೆ. ಇಲ್ಲಿ ಯಾರ ಮೇಲೆ ತಪ್ಪು ಹೊರಿಸುತ್ತೀರಿ? ಗೆಳೆಯ, ಹೆಂಡತಿ, ಅಣ್ಣ, ರಾಜ, ಪ್ರತಿಯೊಬ್ಬರಿಗೂ ಅವರದೇ ನ್ಯಾಯ ಇದೆ. ಆ ನ್ಯಾಯಗಳು ಒಂದಕ್ಕೊಂದು ಹೊಂದುವುದಿಲ್ಲ.

ಕೊನೆಯ ಯುದ್ಧ ಶುರುವಾಗುವುದು ಒಂದು ಹಾವಿನಿಂದ. ಆರ್ಥರ್, ಮಾರ್ಡ್ರೆಡ್ ಸಂಧಿಗೆ ಒಪ್ಪಿ ಎದುರುಬದುರು ನಿಂತಿದ್ದಾರೆ. ಯಾರಾದರೂ ಕತ್ತಿ ಒರೆಯಿಂದ ತೆಗೆದರೆ ಮೋಸ ಎಂದು ತಿಳಿದು ಮೇಲೆ ಬೀಳಿ ಎಂದು ಎರಡೂ ಸೈನ್ಯಗಳಿಗೆ ಅಪ್ಪಣೆ ಆಗಿದೆ. ಪೊದೆಯಿಂದ ಬಂದ ಹಾವು ಒಬ್ಬ ನೈಟ್‌ನ ಕಾಲಿಗೆ ಕಚ್ಚುತ್ತದೆ. ಅವನು ಹಾವನ್ನು ಕೊಲ್ಲಲು ಕತ್ತಿ ಎಳೆಯುತ್ತಾನೆ. ಬೇರೆ ಏನೂ ಅವನ ಮನಸ್ಸಿನಲ್ಲಿಲ್ಲ. ಕತ್ತಿಯ ಹೊಳಪು ಕಂಡದ್ದೇ ತಡ, ಕಹಳೆ ಊದುತ್ತಾರೆ. ಸಂಜೆಯ ಹೊತ್ತಿಗೆ ಒಂದು ಲಕ್ಷ ಜನ ಸತ್ತಿರುತ್ತಾರೆ. ಎರಡು ದೇಶಗಳ ಗಡಿಯಲ್ಲಿ ಸೈನ್ಯ ನಿಂತಿರುವ ಸುದ್ದಿ ಓದುವಾಗೆಲ್ಲ ನನಗೆ ಈ ಪುಟ ನೆನಪಾಗುತ್ತದೆ.

ಮ್ಯಾಲರಿಗಿಂತ ಸುಮಾರು ಒಂದು ಶತಮಾನ ಮೊದಲಿನ ಇನ್ನೊಂದು ಕೃತಿಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗವೇನ್ ಮತ್ತು ಹಸಿರು ನೈಟ್‌ನ ಕಥೆ. 2,530 ಸಾಲುಗಳ ಕಾವ್ಯ, ಕವಿಯ ಹೆಸರು ಗೊತ್ತಿಲ್ಲ. ಹೊಸವರ್ಷದ ಹಬ್ಬದಲ್ಲಿ ಮೈಯೆಲ್ಲ ಹಸಿರಾದ ದೈತ್ಯನೊಬ್ಬ ಸಭೆಗೆ ಬಂದು, ನನ್ನ ತಲೆ ಕಡಿಯಿರಿ, ಒಂದು ವರ್ಷದ ಮೇಲೆ ನಾನು ತಿರುಗಿ ಕಡಿಯುತ್ತೇನೆ ಎನ್ನುತ್ತಾನೆ. ಗವೇನ್ ಕಡಿಯುತ್ತಾನೆ. ದೈತ್ಯ ತನ್ನ ತಲೆ ಎತ್ತಿಕೊಂಡು ಹೋಗುತ್ತಾನೆ. ವರ್ಷ ಕಳೆದ ಮೇಲೆ ಗವೇನ್ ಮಾತು ಉಳಿಸಿಕೊಳ್ಳಲು ಹೊರಡುತ್ತಾನೆ. ದಾರಿಯಲ್ಲಿ ಒಂದು ಮನೆಯಲ್ಲಿ ಉಳಿದಾಗ, ಪ್ರಾಣ ಉಳಿಸುತ್ತದೆ ಎಂದು ಮನೆಯೊಡತಿ ಕೊಟ್ಟ ಹಸಿರು ನಡುಪಟ್ಟಿಯನ್ನು ಮನೆಯೊಡೆಯನಿಂದ ಬಚ್ಚಿಡುತ್ತಾನೆ. ದಿನದಿನ ಸಿಕ್ಕಿದ್ದನ್ನು ಪರಸ್ಪರ ಕೊಡಬೇಕು ಎಂಬ ಒಪ್ಪಂದ ಅವರಲ್ಲಿತ್ತು. ಆ ಮನೆಯೊಡೆಯನೇ ಹಸಿರು ದೈತ್ಯ. ಕೊನೆಗೆ ಅವನು ಗವೇನ್‌ನ ಕುತ್ತಿಗೆಗೆ ತಗುಲದಂತೆ ಎರಡು ಸಲ ಕೊಡಲಿ ತೋರಿಸಿ, ಮೂರನೇ ಸಲ ಕುತ್ತಿಗೆಗೆ ಒಂದು ಸಣ್ಣ ಗೀರು ಮಾತ್ರ ಹಾಕುತ್ತಾನೆ. ನೀನು ಬದುಕನ್ನು ಪ್ರೀತಿಸಿದೆ ಅಷ್ಟೇ, ಅದಕ್ಕೆ ನಿನ್ನನ್ನು ಹೆಚ್ಚು ದೂರುವುದಿಲ್ಲ ಎನ್ನುತ್ತಾನೆ. ಗವೇನ್‌ಗೆ ಮಾತ್ರ ನಾಚಿಕೆ ಹೋಗುವುದಿಲ್ಲ. ಬೇರೆಯವರು ಕ್ಷಮಿಸಿದ್ದನ್ನು ತಾನು ಕ್ಷಮಿಸಿಕೊಳ್ಳಲಾರದ ಈ ಸಂಕಟವನ್ನು ಅರ್ಥ ಮಾಡಿಕೊಳ್ಳಲು ಕವಚ, ಕುದುರೆ ಬೇಕಾಗಿಲ್ಲ.

ಈ ಕಾವ್ಯದ ಒಂದೇ ಒಂದು ಹಸ್ತಪ್ರತಿ ಉಳಿದಿದೆ. ಅದಿದ್ದ ಗ್ರಂಥಭಂಡಾರಕ್ಕೆ 1731ರಲ್ಲಿ ಬೆಂಕಿ ಬಿತ್ತು. ಇದು ಬಚಾವಾಯಿತು. 1839ರಲ್ಲಿ ಮೊದಲ ಸಲ ಅಚ್ಚಾಯಿತು.

ಎಷ್ಟು ಕಥೆಗಳು ಬಚಾವಾಗಲಿಲ್ಲ? 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿತು. ಕಾಡಿನಲ್ಲಿ ಕಣ್ಣಿಗೆ ಬೀಳದ ಜೀವಜಾತಿಗಳು ಎಷ್ಟಿರಬಹುದು ಎಂದು ಜೀವವಿಜ್ಞಾನಿಗಳು ಅಂದಾಜು ಮಾಡುವ ಸೂತ್ರವನ್ನೇ ಇಲ್ಲಿ ಬಳಸಿದರು. ಆರು ಭಾಷೆಗಳ ವೀರಕಥೆಗಳಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಕಥೆಗಳು ಒಂದಲ್ಲ ಒಂದು ಪ್ರತಿಯಲ್ಲಿ ಉಳಿದಿವೆ. ಹಸ್ತಪ್ರತಿಗಳಲ್ಲಿ ಉಳಿದಿರುವುದು ನೂರಕ್ಕೆ ಸುಮಾರು 9 ಮಾತ್ರ. ಇಂಗ್ಲಿಷ್ ಕಥೆಗಳ ಗತಿ ತೀರಾ ಕೆಟ್ಟದ್ದು, ಉಳಿದದ್ದು ನೂರಕ್ಕೆ 38. ಐಸ್‌ಲೆಂಡ್ ಮತ್ತು ಐರ್ಲೆಂಡ್‌ಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಉಳಿದಿವೆ. ಹೋದದ್ದು ಎಲ್ಲಿಗೆ ಹೋಯಿತು ಎಂದರೆ, ಒಂದಷ್ಟು ಬೇರೆ ಪುಸ್ತಕಗಳ ರಟ್ಟಿಗೆ. ಹಳೆಯ ಚರ್ಮದ ಹಾಳೆಯನ್ನು ಎಸೆಯದೆ ಹೊದಿಕೆಗೆ ಬಳಸುತ್ತಿದ್ದರು. ಬ್ರಿಸ್ಟಲ್‌ನ ಒಂದು ಗ್ರಂಥಾಲಯದಲ್ಲಿ 2019ರಲ್ಲಿ ಮರ್ಲಿನ್ ಕಥೆಯ ಏಳು ತುಣುಕುಗಳು ಸಿಕ್ಕವು. ಕೇಂಬ್ರಿಜ್‌ನಲ್ಲಿ ಜಮೀನು ಲೆಕ್ಕದ ಪುಸ್ತಕಕ್ಕೆ ಹೊಲಿದಿದ್ದ ಇನ್ನೊಂದು ತುಣುಕನ್ನು, ಹರಿಯದೆ ಬಿಚ್ಚದೆ, ಸ್ಕ್ಯಾನ್ ಮಾಡಿ ಓದಿದ ಸುದ್ದಿ 2025ರಲ್ಲಿ ಬಂತು. ಇಂಥ ಸುದ್ದಿ ಬಂದಾಗ ಹುಚ್ಚು ಹಿಡಿದವರಂತೆ ಓದುವವರಲ್ಲಿ ನಾನೂ ಒಬ್ಬ.

ಹಾಗೆಂದು ಈ ಪ್ರೀತಿ ಎಲ್ಲ ಕಾಲದಲ್ಲೂ ಇರಲಿಲ್ಲ. 1634ರ ನಂತರ 1816ರವರೆಗೆ ಮ್ಯಾಲರಿಯ ಪುಸ್ತಕ ಮರುಮುದ್ರಣವೇ ಆಗಲಿಲ್ಲ. 182 ವರ್ಷ! ಆಮೇಲೆ ಕಾರ್ಖಾನೆಗಳ ಹೊಗೆ ಏರುತ್ತಿದ್ದ ಕಾಲದಲ್ಲಿ ಇಂಗ್ಲಿಷರಿಗೆ ನೈಟ್‌ಗಳು ಮತ್ತೆ ಬೇಕಾದರು. 1839ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಒಬ್ಬ ಯುವ ಜಮೀನ್ದಾರ ಸ್ವಂತ ಖರ್ಚಿನಲ್ಲಿ ಹಳೆಯ ಮಾದರಿಯ ಟೂರ್ನಮೆಂಟ್ ನಡೆಸಿದ. ಸುಮಾರು ಒಂದು ಲಕ್ಷ ಜನ ಬಂದಿದ್ದರು ಎಂದು ಅಂದಾಜು. ಮೊದಲ ದಿನವೇ ಜಡಿಮಳೆ ಸುರಿದು ಎಲ್ಲ ಕೆಸರಾಯಿತು. ಆದರೂ ಉತ್ಸಾಹ ಇಳಿಯಲಿಲ್ಲ. ಕವಿ ಟೆನಿಸನ್ ದಶಕಗಟ್ಟಲೆ ಆರ್ಥರನ ಕಥೆಯನ್ನು ಪದ್ಯದಲ್ಲಿ ಬರೆದ. ಅವನ ಆರ್ಥರ್ ತಪ್ಪೇ ಮಾಡದ ಸಭ್ಯ ಗೃಹಸ್ಥ. ಕಡಲಿಗೆ ಬಿಟ್ಟ ಶಿಶುಗಳು ಅಲ್ಲಿಲ್ಲ. ಆ ಪದ್ಯಗಳು ಕಿವಿಗೆ ಇಂಪು. ಆದರೆ ತಪ್ಪನ್ನು ತೆಗೆದದ್ದರಿಂದ ಕಥೆ ಬಡವಾಯಿತು ಎಂದೇ ನನಗನ್ನಿಸುತ್ತದೆ.

ತಪ್ಪು ತೆಗೆದ ನೈಟ್ ಅಪಾಯಕಾರಿ ಕೂಡ. ಆಣೆಯನ್ನು ಬಿಟ್ಟು ಕವಚವನ್ನು ಮಾತ್ರ ಎತ್ತಿಕೊಂಡವರು ಬಹಳ ಜನ. ಅಮೆರಿಕದಲ್ಲಿ ಕಪ್ಪು ಜನರನ್ನು ಕೊಂದ ಕೂ ಕ್ಲಕ್ಸ್ ಕ್ಲಾನ್‌ನವರು ತಮ್ಮನ್ನು ನೈಟ್‌ಗಳು ಎಂದು ಕರೆದುಕೊಂಡರು. ಹಿಟ್ಲರನ ಬಂಟ ಹಿಮ್ಲರ್ 1934ರಲ್ಲಿ ವೇವೆಲ್ಸ್‌ಬುರ್ಗ್ ಎಂಬ ಕೋಟೆ ಹಿಡಿದು ಅದರ ಕೋಣೆಗಳಿಗೆ ಆರ್ಥರ್, ಗ್ರೇಲ್ ಎಂದು ಹೆಸರಿಟ್ಟ. ಇವತ್ತಿಗೂ ಯುರೋಪ್ ಬಿಳಿಯರದ್ದು ಮಾತ್ರ ಎನ್ನುವವರು ಇದೇ ಚಿತ್ರಗಳನ್ನು ಹಿಡಿದು ಬೀದಿಗೆ ಬರುತ್ತಾರೆ. ಅವರು ಮೂಲ ಓದಿಲ್ಲ. ಮ್ಯಾಲರಿಯಲ್ಲಿ ಪಾಲಮಿಡೀಸ್ ಎಂಬ ಸರಸೆನ್ (ಆ ಕಾಲದ ಮಾತಿನಲ್ಲಿ ಮುಸ್ಲಿಂ) ನೈಟ್ ಇದ್ದಾನೆ. ಡಚ್ ಭಾಷೆಯ ಒಂದು ಕಥೆಯ ನಾಯಕ ಮೋರಿಯನ್ ಕಪ್ಪು ಮೈಬಣ್ಣದವನು. ಜರ್ಮನ್ ಕವಿ ವುಲ್ಫ್ರಾಮ್ 1200ರ ನಂತರ ಬರೆದ ಕಾವ್ಯದಲ್ಲಿ ಗ್ರೇಲ್ ಪಡೆಯುವ ಪಾರ್ಸಿಫಲ್‌ನ ಅಣ್ಣ ಫೈರೆಫಿಜ್, ಕಪ್ಪು ರಾಣಿಯ ಮಗ. ಗ್ರೇಲ್ ಹೊರುವ ರಾಜಕುಮಾರಿಯನ್ನು ಮದುವೆಯಾಗಿ ಅವನು ಹೋಗುವುದು ಎಲ್ಲಿಗೆ ಗೊತ್ತಾ? ಇಂಡಿಯಾಕ್ಕೆ. ಆ ಕವಿಯ ಇಂಡಿಯಾ ಕಲ್ಪನೆಯ ನಾಡು, ನಿಜ. ಆದರೆ ಕಥೆಯ ಮೇಜಿಗೆ ಆಗಲೇ ಜಗತ್ತಿನ ಎಲ್ಲ ದಿಕ್ಕಿನವರೂ ಬಂದು ಕೂತಿದ್ದರು.

ಇಪ್ಪತ್ತನೇ ಶತಮಾನದಲ್ಲಿ ಈ ಕಥೆಯನ್ನು ಮತ್ತೆ ಗಟ್ಟಿ ಮಾಡಿದವನೂ ನಮ್ಮ ನೆಲದಲ್ಲೇ ಹುಟ್ಟಿದವನು. ಟಿ.ಎಚ್. ವೈಟ್ ಹುಟ್ಟಿದ್ದು 1906ರಲ್ಲಿ, ಮುಂಬೈಯಲ್ಲಿ. ತಂದೆ ಇಲ್ಲಿ ಪೊಲೀಸ್ ಅಧಿಕಾರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನಲ್ಲಿ ಕೂತು ಅವನು ಆರ್ಥರನ ಕಥೆಯಲ್ಲಿ ಒಂದು ಪ್ರಶ್ನೆ ಹುಡುಕಿದ: ಬಲ ಇದ್ದವನದೇ ನ್ಯಾಯ ಎನ್ನುವ ಲೋಕವನ್ನು ಬದಲಿಸಲು ಬಲವನ್ನೇ ಬಳಸಬಹುದೇ? ಅವನ ಆರ್ಥರ್ ಬಳಸಬಹುದು ಎಂದುಕೊಂಡು ದುಂಡುಮೇಜು ಕಟ್ಟುತ್ತಾನೆ, ಆಮೇಲೆ ಅದು ಕೈತಪ್ಪುವುದನ್ನು ನೋಡುತ್ತಾನೆ. 1958ರಲ್ಲಿ ಒಟ್ಟಾಗಿ ಬಂದ ಆ ಕಾದಂಬರಿಯ ಕೊನೆಯಲ್ಲಿ, ಸಾಯುವ ಯುದ್ಧದ ಹಿಂದಿನ ರಾತ್ರಿ, ಮುದಿ ರಾಜ ಒಬ್ಬ ಹುಡುಗನನ್ನು ಕರೆದು, ನೀನು ಹೋರಾಡಬೇಡ, ಬದುಕಿ ಹೋಗಿ ಈ ಕಥೆ ಹೇಳು ಎನ್ನುತ್ತಾನೆ. ಹುಡುಗನ ಹೆಸರು ಟಾಮ್. ಊರು ನ್ಯೂಬೋಲ್ಡ್ ರೆವೆಲ್. ಯಾರೆಂದು ಗೊತ್ತಾಯಿತಲ್ಲ!

ಜಪಾನಿನಲ್ಲಿ ನಾತ್ಸುಮೆ ಸೋಸೆಕಿ 1905ರಲ್ಲೇ ಲಾನ್ಸ್‌ಲಾಟ್‌ನ ಕಥೆ ಬರೆದಿದ್ದ. ಅದೇ ನಾಡಿನಿಂದ 2004ರಲ್ಲಿ ಬಂದ ಕಂಪ್ಯೂಟರ್ ಆಟವೊಂದರಲ್ಲಿ ಆರ್ಥರ್ ಗಂಡುವೇಷದಲ್ಲಿ ರಾಜ್ಯ ಆಳಿದ ಹುಡುಗಿ. ತನ್ನ ಆಳ್ವಿಕೆಯಲ್ಲಿ ಎಲ್ಲಿ ತಪ್ಪಾಯಿತು ಎಂದು ಅವಳು ಕೊರಗುತ್ತಾಳೆ. ಕೆಲವು ಪಂಡಿತರಿಗೆ ಇದು ಹಿಡಿಸುವುದಿಲ್ಲ. ನನ್ನ ಕಣ್ಣಿಗೆ ಅದು ಮ್ಯಾಲರಿಯ ಪ್ರಶ್ನೆಯೇ. ಕಜುವೊ ಇಶಿಗುರೊ 2015ರ ಕಾದಂಬರಿಯಲ್ಲಿ ಗವೇನ್‌ನನ್ನು ಮುದುಕನನ್ನಾಗಿ ಮಾಡಿದ. ಆರ್ಥರನ ಶಾಂತಿಯ ಅಡಿಯಲ್ಲಿ ಒಂದು ಹತ್ಯಾಕಾಂಡ ಹೂತುಹೋಗಿದೆ, ಜನ ಅದನ್ನು ಮರೆತಿರುವಂತೆ ನೋಡಿಕೊಳ್ಳುವ ಕೆಲಸ ಈ ಮುದುಕನದು. ಕಡಲಿಗೆ ಬಿಟ್ಟ ಶಿಶುಗಳ ನೆನಪಿರುವವರಿಗೆ ಇದು ಹೊರಗಿನಿಂದ ತಂದ ಮಾತು ಅನ್ನಿಸುವುದಿಲ್ಲ.

ಓದಬೇಕು ಅನ್ನಿಸಿದರೆ ನನ್ನ ಸಲಹೆ ಹೀಗೆ. ಮ್ಯಾಲರಿಯನ್ನು ಮೊದಲ ಪುಟದಿಂದ ಶುರು ಮಾಡಬೇಡಿ. ನಡುವೆ ಟೂರ್ನಮೆಂಟ್ ಮೇಲೆ ಟೂರ್ನಮೆಂಟ್ ಬಂದು ಬೇಜಾರಾಗುತ್ತದೆ. ಮೊದಲು ಗವೇನ್ ಮತ್ತು ಹಸಿರು ನೈಟ್‌ನ ಕಾವ್ಯವನ್ನು ಇಂದಿನ ಇಂಗ್ಲಿಷ್ ಅನುವಾದದಲ್ಲಿ ಓದಿ. ಒಂದು ಭಾನುವಾರ ಸಾಕು. ಆಮೇಲೆ ಮ್ಯಾಲರಿಯಲ್ಲಿ ಮದುವೆಯ ದಿನದ ಆ ಮೂರು ಸಾಹಸಗಳು ಮತ್ತು ಆಣೆ. ಅಲ್ಲಿಂದ ನೇರವಾಗಿ ಕೊನೆಯ ಎರಡು ಭಾಗಗಳಿಗೆ ಹೋಗಿ. ಕಾಗುಣಿತ ಹೊಸದು ಮಾಡಿದ ಆವೃತ್ತಿ ಆದರೆ ಒಳ್ಳೆಯದು. ವಾಕ್ಯಗಳು ಚಿಕ್ಕವು, ಮಾತುಕತೆ ಜಾಸ್ತಿ. ಸಾಧ್ಯವಾದರೆ ಗಟ್ಟಿಯಾಗಿ ಓದಿ, ಮನೆಯಲ್ಲಿ ಕೇಳುವವರಿದ್ದರೆ ಇನ್ನೂ ಒಳ್ಳೆಯದು. ಲಾನ್ಸ್‌ಲಾಟ್ ತಪ್ಪು ಮಾಡಿದನೋ ಇಲ್ಲವೋ ಎಂಬ ಜಗಳ ಊಟದ ಹೊತ್ತಿಗೂ ಮುಗಿದಿರುವುದಿಲ್ಲ.